ರಕ್ಷಣೆಯನ್ನೇ ದಾಳಿಯಾಗಿಸಿದ ಎಮ್ಲೆನ್ ಟನೆಲ್

ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಯಾಂಟನ್ ಎಂಬ ನಗರವಿದೆ. ವೃತ್ತಿಪರ ಫುಟ್‌ಬಾಲ್ ಆಟದ ಮಹಾನ್ ಆಟಗಾರರಿಗೆ ಶಾಶ್ವತ ಸ್ಥಾನ ನೀಡುವ ‘ಹಾಲ್ ಆಫ್ ಫೇಮ್’ ಇರುವುದು ಅಲ್ಲಿಯೇ. 1963ರಲ್ಲಿ ಬಾಗಿಲು ತೆರೆದ ಈ ಕೀರ್ತಿಭವನಕ್ಕೆ 1967ರಲ್ಲಿ ಆಯ್ಕೆಯಾದವರ ಪಟ್ಟಿಯಲ್ಲಿದ್ದ ಒಂದು ಹೆಸರು ಎರಡು ಕಾರಣಗಳಿಗಾಗಿ ಚರಿತ್ರೆ ಸೇರಿತು. ಅಲ್ಲಿಯವರೆಗೆ ಒಬ್ಬನೇ ಒಬ್ಬ ಕಪ್ಪು ವರ್ಣೀಯ ಆಟಗಾರನಿಗೆ ಆ ಗೌರವ ದೊರೆತಿರಲಿಲ್ಲ. ಕೇವಲ ರಕ್ಷಣಾ ಆಟದ ಬಲದಿಂದ ಯಾರೂ ಅದರೊಳಗೆ ಕಾಲಿಟ್ಟಿರಲಿಲ್ಲ. ಎರಡೂ ಬಾಗಿಲುಗಳನ್ನು ಒಟ್ಟಿಗೆ ತೆರೆದ ಆಟಗಾರನೇ ಎಮ್ಲೆನ್ ಟನೆಲ್.

ಕತ್ತಿನ ಮೂಳೆ ಮುರಿದುಕೊಂಡು ಇನ್ನು ಆಟವೇ ಬೇಡವೆಂದು ವೈದ್ಯರಿಂದ ಹೇಳಿಸಿಕೊಂಡವನು, ಯಾವ ತಂಡವೂ ಆರಿಸಿಕೊಳ್ಳದಿದ್ದಾಗ ಕಂಡವರ ವಾಹನವೇರಿ ತಂಡದ ಮಾಲೀಕನ ಕಚೇರಿಗೇ ಹೋಗಿ ಅವಕಾಶ ಕೇಳಿದವನು, ಯುದ್ಧಕಾಲದಲ್ಲಿ ಹಡಗಿನ ಬೆಂಕಿಯಿಂದ ಸಂಗಾತಿಯನ್ನು ಹೊರಗೆಳೆದವನು ಈತ. ಗೋಲು ಹೊಡೆಯುವವನಿಗೆ, ರನ್ ಬಾರಿಸುವವನಿಗೆ ಚಪ್ಪಾಳೆ ಬೀಳುವ ಜಗತ್ತಿನಲ್ಲಿ ತಡೆಯುವವನಿಗೂ ಒಂದು ಕೀರ್ತಿಯಿದೆ ಎಂದು ತೋರಿಸಿಕೊಟ್ಟದ್ದು ಟನೆಲ್‌ನ ಬದುಕಿನ ಸಾರ.

ಆಟದ ಒಂದು ಕಿರುಪರಿಚಯ

ಟನೆಲ್‌ನ ಸಾಧನೆ ಅರ್ಥವಾಗಬೇಕಾದರೆ ಆಟದ ಬಗ್ಗೆ ನಾಲ್ಕು ಮಾತು ತಿಳಿದಿರಬೇಕು. ಹೆಸರಿನಲ್ಲಿ ಫುಟ್‌ಬಾಲ್ ಎಂದಿದ್ದರೂ ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಒಂದು ಕಡೆ ಹನ್ನೊಂದು ಮಂದಿ, ಇನ್ನೊಂದು ಕಡೆ ಹನ್ನೊಂದು ಮಂದಿ. ಮೈದಾನದ ಉದ್ದ ನೂರು ಗಜ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಪ್ರಯತ್ನಗಳಲ್ಲಿ ಕನಿಷ್ಠ ಹತ್ತು ಗಜ ಮುನ್ನುಗ್ಗುವ ಅವಕಾಶವಿರುತ್ತದೆ. ಸಾಧಿಸಿದರೆ ಮತ್ತೆ ನಾಲ್ಕು ಪ್ರಯತ್ನ. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕ್ವಾರ್ಟರ್‌ಬ್ಯಾಕ್ ಎನಿಸಿಕೊಳ್ಳುವ ಆಟಗಾರ ಚೆಂಡನ್ನು ಓಟಗಾರನ ಕೈಗಿಡುತ್ತಾನೆ ಅಥವಾ ದೂರದಲ್ಲಿ ಓಡುತ್ತಿರುವ ಸಂಗಾತಿಗೆ ಎಸೆಯುತ್ತಾನೆ.

ಎಸೆದ ಚೆಂಡು ಗಾಳಿಯಲ್ಲಿರುವಾಗ ಅದನ್ನು ರಕ್ಷಣಾ ಆಟಗಾರನೊಬ್ಬ ಹಾರಿ ಹಿಡಿದುಬಿಟ್ಟರೆ ಅದೇ ‘ಇಂಟರ್‌ಸೆಪ್ಷನ್’. ಆ ಕ್ಷಣದಿಂದ ಚೆಂಡು ಅವನ ತಂಡದ್ದು. ಹಿಡಿದವನು ಎದುರು ದಿಕ್ಕಿಗೆ ಓಡಿ ಅಂಕವನ್ನೂ ಗಳಿಸಬಹುದು. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯ ಬಳಿ ಕ್ಯಾಚ್ ಹಿಡಿದ ಫೀಲ್ಡರ್ ಅಲ್ಲಿಂದಲೇ ತನ್ನ ತಂಡಕ್ಕೆ ರನ್ ಗಳಿಸತೊಡಗಿದರೆ ಹೇಗಿದ್ದೀತು? ಹೆಚ್ಚುಕಡಿಮೆ ಹಾಗೆ. ಈ ಕೆಲಸಕ್ಕೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಆಟಗಾರನಿಗೆ ‘ಸೇಫ್ಟಿ’ ಎಂದು ಹೆಸರು. ಆತ ಕೋಟೆಯ ಕೊನೆಯ ಕಾವಲುಗಾರ. ಆತನನ್ನು ದಾಟಿದರೆ ಮುಂದೆ ತಡೆಯುವವರೇ ಇಲ್ಲ. ಟನೆಲ್ ವಹಿಸಿಕೊಂಡದ್ದು ಇದೇ ಕಾವಲನ್ನು.

ಮುರಿದ ಕತ್ತು, ಮುರಿಯದ ಛಲ

ಟನೆಲ್ ಹುಟ್ಟಿದ್ದು 1920ರ ದಶಕದ ಮಧ್ಯಭಾಗದಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿರುವ ಬ್ರಿನ್ ಮಾರ್‌ನಲ್ಲಿ. ಬೆಳೆದದ್ದು ಸಮೀಪದ ರಾಡ್ನರ್ ಪ್ರದೇಶದ ಗ್ಯಾರೆಟ್ ಹಿಲ್ ಎಂಬ ಬಡಾವಣೆಯಲ್ಲಿ. ಸುತ್ತಮುತ್ತ ಸಿರಿವಂತರ ಬಂಗಲೆಗಳು. ನಡುವೆ ದುಡಿದು ತಿನ್ನುವವರ ಈ ಪುಟ್ಟ ನೆಲೆ. ಅಲ್ಲಿ ಬಿಳಿಯರೂ ಕಪ್ಪು ವರ್ಣೀಯರೂ ಅಕ್ಕಪಕ್ಕದಲ್ಲಿ ಬದುಕುತ್ತಿದ್ದರು. ರಾಡ್ನರ್ ಪ್ರೌಢಶಾಲೆಯ ಮೈದಾನದಲ್ಲಿ ಬಾಲಕನ ವೇಗ ಎಲ್ಲರ ಕಣ್ಣಿಗೆ ಬಿತ್ತು.

1942ರಲ್ಲಿ ಟನೆಲ್ ಒಹಾಯೊದ ಟೊಲೆಡೊ ವಿಶ್ವವಿದ್ಯಾಲಯ ಸೇರಿದ. ಆ ವರ್ಷವೇ ಫುಟ್‌ಬಾಲ್ ಪಂದ್ಯವೊಂದರಲ್ಲಿ ಬಿದ್ದು ಕತ್ತಿನ ಮೂಳೆ ಮುರಿಯಿತು. ಮತ್ತೆ ಫುಟ್‌ಬಾಲ್ ಆಡುವ ಆಸೆಯನ್ನು ಕೈಬಿಡಬೇಕೆಂದು ವೈದ್ಯರು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಟನೆಲ್ ಮಾತ್ರ ಚೇತರಿಸಿಕೊಂಡು ಬ್ಯಾಸ್ಕೆಟ್‌ಬಾಲ್ ತಂಡ ಸೇರಿಕೊಂಡ. ಟೊಲೆಡೊ ತಂಡವು 1943ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರತಿಷ್ಠಿತ ರಾಷ್ಟ್ರೀಯ ಆಹ್ವಾನಿತ ಟೂರ್ನಿಯ ಅಂತಿಮ ಪಂದ್ಯದವರೆಗೂ ಹೋಯಿತು.

ಅದು ಎರಡನೇ ಮಹಾಯುದ್ಧದ ಕಾಲ. ಸೇನೆಗೂ ನೌಕಾಪಡೆಗೂ ಸೇರಲು ಹೋದಾಗ ಕತ್ತಿನ ಹಳೆಯ ಗಾಯವೇ ಅಡ್ಡಬಂತು. ಕೊನೆಗೆ ಆತನನ್ನು ತೆಗೆದುಕೊಂಡದ್ದು ಅಮೆರಿಕದ ಕರಾವಳಿ ರಕ್ಷಣಾ ಪಡೆ.

ಕಡತದಲ್ಲಿ ಉಳಿದ ಶೌರ್ಯ

ಆ ದಿನಗಳಲ್ಲಿ ಹಡಗುಗಳಲ್ಲಿಯೂ ವರ್ಣಭೇದವಿತ್ತು. ಕಪ್ಪು ವರ್ಣೀಯರಲ್ಲಿ ಬಹುತೇಕರಿಗೆ ಸಿಗುತ್ತಿದ್ದದ್ದು ಅಧಿಕಾರಿಗಳಿಗೆ ಊಟ ಬಡಿಸುವ, ಅವರ ಕೋಣೆಗಳನ್ನು ಓರಣಗೊಳಿಸುವ ಪರಿಚಾರಕನ ಕೆಲಸ. ಟನೆಲ್‌ಗೆ ದೊರೆತದ್ದೂ ಅದೇ. ಪೆಸಿಫಿಕ್ ಸಾಗರದಲ್ಲಿ ಸರಕು ಸಾಗಿಸುತ್ತಿದ್ದ ‘ಎಟಾಮಿನ್’ ಹಡಗಿನಲ್ಲಿ ಆತನ ನೇಮಕವಾಯಿತು.

1944ರ ಏಪ್ರಿಲ್‌ನಲ್ಲಿ ಈ ಹಡಗು ನ್ಯೂ ಗಿನಿ ದ್ವೀಪದ ಕರಾವಳಿಯಲ್ಲಿತ್ತು. ಒಡಲ ತುಂಬ ಸ್ಫೋಟಕಗಳು ಮತ್ತು ಪೆಟ್ರೋಲು. ಜಪಾನಿ ವಿಮಾನವೊಂದು ಹಾಕಿದ ಟಾರ್ಪೆಡೊ ಹಡಗಿಗೆ ಬಡಿಯಿತು. ಎಂಜಿನ್ ವಿಭಾಗದ ನೌಕರನೊಬ್ಬನ ಮೈಗೆ ಬೆಂಕಿ ಹೊತ್ತಿಕೊಂಡಿತು. ಟನೆಲ್ ಬರಿಗೈಯಿಂದಲೇ ಆ ಜ್ವಾಲೆಯನ್ನು ಬಡಿದು ಆರಿಸಿ, ಗಾಯಾಳುವನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ. ಆ ಯತ್ನದಲ್ಲಿ ತಾನೂ ಸುಟ್ಟ ಗಾಯಗಳನ್ನು ಅನುಭವಿಸಿದ.

ಎರಡು ವರ್ಷಗಳ ಬಳಿಕ ಇನ್ನೊಂದು ಪ್ರಸಂಗ. 1946ರಲ್ಲಿ ಟನೆಲ್ ‘ಟಾಂಪಾ’ ಎಂಬ ಹಡಗಿನಲ್ಲಿದ್ದ. ನ್ಯೂಫೌಂಡ್‌ಲ್ಯಾಂಡ್ ಬಳಿ ಸಹನಾವಿಕನೊಬ್ಬ ಹೆಪ್ಪುಗಟ್ಟುವಂತಹ ನೀರಿಗೆ ಬಿದ್ದ. ಟನೆಲ್ ಹಿಂದುಮುಂದು ನೋಡದೆ ಜಿಗಿದು ಆತನನ್ನು ಉಳಿಸಿದ.

ಈ ಎರಡು ಸಾಹಸಗಳಿಗೆ ಆತ ಬದುಕಿರುವವರೆಗೂ ಪದಕ ಬರಲಿಲ್ಲ. ಕರಾವಳಿ ರಕ್ಷಣಾ ಪಡೆಯು ಜೀವರಕ್ಷಣೆಯ ಬೆಳ್ಳಿ ಪದಕವನ್ನು ಘೋಷಿಸಿದ್ದು 2011ರಲ್ಲಿ. ಅಂದರೆ ಆತ ತೀರಿಕೊಂಡು ಮೂವತ್ತಾರು ವರ್ಷಗಳಾದ ಮೇಲೆ. ಅಲ್ಲಿಯವರೆಗೆ ಆತನ ಅಭಿಮಾನಿಗಳಲ್ಲಿ ಬಹುಮಂದಿಗೆ ಗೊತ್ತಿದ್ದದ್ದು ಮೈದಾನದ ಟನೆಲ್ ಮಾತ್ರ.

ಬಾಳೆಹಣ್ಣಿನ ಲಾರಿಯಲ್ಲಿ ಬಂದ ಆಟಗಾರ

ಯುದ್ಧ ಮುಗಿಯಿತು. ಟನೆಲ್ ಅಯೋವಾ ವಿಶ್ವವಿದ್ಯಾಲಯ ಸೇರಿ, ವೈದ್ಯರು ಬೇಡವೆಂದಿದ್ದ ಆಟಕ್ಕೇ ಮರಳಿದ. ಎರಡು ಋತುಗಳನ್ನು ಆಡಿದ ಬಳಿಕ ಕಣ್ಣಿನ ಶಸ್ತ್ರಚಿಕಿತ್ಸೆ, ಹಣದ ಮುಗ್ಗಟ್ಟು ಎರಡೂ ಎದುರಾದವು. 1948ರಲ್ಲಿ ಓದು ಅರ್ಧಕ್ಕೇ ನಿಂತಿತು.

ಅಮೆರಿಕದಲ್ಲಿ ವೃತ್ತಿಪರ ತಂಡಗಳು ಪ್ರತಿವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಿದೆ. ‘ಡ್ರಾಫ್ಟ್’ ಎಂಬ ಈ ಆಯ್ಕೆಯಲ್ಲಿ ಟನೆಲ್‌ನ ಹೆಸರನ್ನು ಯಾರೂ ಕೂಗಲಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿಯೊಂದಿತ್ತು. ಅಮೆರಿಕದ ಅತಿದೊಡ್ಡ ಫುಟ್‌ಬಾಲ್ ಒಕ್ಕೂಟವಾದ ಎನ್‌ಎಫ್‌ಎಲ್‌ನಲ್ಲಿ 1934ರಿಂದ 1945ರವರೆಗೆ ಒಬ್ಬ ಕಪ್ಪು ವರ್ಣೀಯನೂ ಆಡಿರಲಿಲ್ಲ. ಬರಹದಲ್ಲಿಲ್ಲದ ಆ ನಿಷೇಧ ಮುರಿದದ್ದು 1946ರಲ್ಲಿ, ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡವು ಕೆನ್ನಿ ವಾಷಿಂಗ್ಟನ್ ಹಾಗೂ ವುಡಿ ಸ್ಟ್ರೋಡ್ ಅವರನ್ನು ಸೇರಿಸಿಕೊಂಡಾಗ. ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ 1948ರವರೆಗೂ ಕಪ್ಪು ವರ್ಣೀಯ ಆಟಗಾರನೇ ಇರಲಿಲ್ಲ.

ಅದೇ ಜೈಂಟ್ಸ್ ತಂಡದ ಕಚೇರಿಗೆ ಟನೆಲ್ ಹೊರಟ. ರೈಲಿನ ಟಿಕೆಟ್‌ಗೆ ಹಣವಿಲ್ಲ. ದಾರಿಯಲ್ಲಿ ಕೈತೋರಿಸಿ ಸಿಕ್ಕ ವಾಹನಗಳನ್ನೇರಿದ. ಅವುಗಳಲ್ಲೊಂದು ಬಾಳೆಹಣ್ಣು ತುಂಬಿದ ಲಾರಿ. ಹಾಗೆ ನ್ಯೂಯಾರ್ಕ್ ತಲುಪಿ, ಯಾವ ಶಿಫಾರಸೂ ಇಲ್ಲದೆ ತಂಡದ ಸ್ಥಾಪಕ ಟಿಮ್ ಮರಾ ಅವರ ಮುಂದೆ ನಿಂತು ಒಂದು ಅವಕಾಶ ಬೇಡಿದ. ಅಷ್ಟು ದೂರದಿಂದ ಬಂದು ಧೈರ್ಯವಾಗಿ ಕೇಳಿದವನನ್ನು ಬರಿಗೈಯಲ್ಲಿ ಕಳಿಸಲು ಮರಾ ಅವರಿಗೆ ಮನಸ್ಸಾಗಲಿಲ್ಲ. ಜೈಂಟ್ಸ್ ಚರಿತ್ರೆಯ ಮೊದಲ ಕಪ್ಪು ವರ್ಣೀಯ ಆಟಗಾರ ತಂಡಕ್ಕೆ ಬಂದದ್ದು ಹೀಗೆ.

ಮೊದಲ ಋತುವಿನಲ್ಲೇ ಟನೆಲ್ ಎದುರಾಳಿಗಳ ಏಳು ಎಸೆತಗಳನ್ನು ಕಸಿದ. ಮರುವರ್ಷ 1949ರಲ್ಲಿ ಆ ಸಂಖ್ಯೆ ಹತ್ತಕ್ಕೇರಿತು. ಆಗ ಒಂದು ಋತುವಿಗೆ ಇದ್ದದ್ದು ಹನ್ನೆರಡೇ ಪಂದ್ಯಗಳು ಎಂಬುದನ್ನು ನೆನಪಿಡಬೇಕು. ಇಂದಿನ ಆಟಗಾರರಿಗೆ ಹದಿನೇಳು ಪಂದ್ಯಗಳು ಸಿಗುತ್ತವೆ.

ಬಿಚ್ಚಿದ ಕೊಡೆ

ಕಾಲವೂ ಟನೆಲ್‌ಗೆ ನೆರವಾಯಿತು. ಅದಕ್ಕೂ ಹಿಂದೆ ಒಬ್ಬನೇ ಆಟಗಾರ ದಾಳಿಯನ್ನೂ ರಕ್ಷಣೆಯನ್ನೂ ನಿಭಾಯಿಸುವುದು ವಾಡಿಕೆಯಾಗಿತ್ತು. ಬದಲಿ ಆಟಗಾರರನ್ನು ಎಷ್ಟು ಬಾರಿಯಾದರೂ ಇಳಿಸಬಹುದೆಂಬ ನಿಯಮವನ್ನು ಎನ್‌ಎಫ್‌ಎಲ್ 1949ರಲ್ಲಿ ಪ್ರಯೋಗಕ್ಕೆ ತಂದು 1950ರಲ್ಲಿ ಖಾಯಂಗೊಳಿಸಿತು. ಅಂದಿನಿಂದ ದಾಳಿಗೆ ಒಂದು ಪಡೆ, ರಕ್ಷಣೆಗೆ ಮತ್ತೊಂದು ಪಡೆ ಎಂಬ ವಿಂಗಡಣೆ ಗಟ್ಟಿಯಾಯಿತು. ರಕ್ಷಣೆಯೇ ಒಂದು ಪೂರ್ಣಾವಧಿ ವೃತ್ತಿಯಾಯಿತು.

1950ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಪ್ರಬಲ ತಂಡ ಎನ್‌ಎಫ್‌ಎಲ್‌ಗೆ ಹೊಸದಾಗಿ ಸೇರಿತು. ಪಾಲ್ ಬ್ರೌನ್ ಅವರ ತರಬೇತಿ, ಆಟೊ ಗ್ರಹಾಂ ಅವರ ನಿಖರ ಎಸೆತ. ಬ್ರೌನ್ಸ್ ಎದುರು ನಿಲ್ಲುವವರೇ ಇರಲಿಲ್ಲ. ಇದಕ್ಕೆ ಜೈಂಟ್ಸ್ ತರಬೇತುದಾರ ಸ್ಟೀವ್ ಓವನ್ ಒಂದು ಉಪಾಯ ಹೂಡಿದರು. ಮುಂಚೂಣಿಯಲ್ಲಿ ಆರು ಮಂದಿ, ನಡುವೆ ಒಬ್ಬ, ಹಿಂದೆ ನಾಲ್ವರು. ಎದುರಾಳಿ ಚೆಂಡು ಎಸೆಯಲು ಹೊರಟರೆ ಮುಂಚೂಣಿಯ ಎರಡು ತುದಿಗಳಲ್ಲಿರುವವರು ಹಿಂದಕ್ಕೆ ಸರಿದು ಕಾವಲಿಗೆ ಸೇರಿಕೊಳ್ಳಬೇಕು. ಮೇಲಿನಿಂದ ನೋಡಿದರೆ ಈ ವ್ಯೂಹ ಬಿಚ್ಚಿದ ಕೊಡೆಯಂತೆ ಕಾಣುತ್ತಿತ್ತು. ‘ಅಂಬ್ರೆಲಾ’ ಎಂದೇ ಅದಕ್ಕೆ ಹೆಸರಾಯಿತು. ಹಿಂದಿನ ಸಾಲಿನ ನಾಲ್ವರು ಟನೆಲ್, ಟಾಮ್ ಲ್ಯಾಂಡ್ರಿ, ಆಟೊ ಶ್ನೆಲ್‌ಬಾಕರ್ ಮತ್ತು ಹಾರ್ಮನ್ ರೋವ್.

1950ರ ಅಕ್ಟೋಬರ್ 1ರಂದು ಜೈಂಟ್ಸ್ 6-0ರಿಂದ ಗೆದ್ದಿತು. ಬ್ರೌನ್ಸ್ ತಂಡ ಒಂದೂ ಅಂಕ ಗಳಿಸದೆ ಸೋತದ್ದು ಅದೇ ಮೊದಲು. ಆ ವರ್ಷದ ಲೀಗ್ ಹಂತದಲ್ಲಿ ಬ್ರೌನ್ಸ್ ಸೋತ ಪಂದ್ಯಗಳು ಎರಡೇ. ಎರಡೂ ಜೈಂಟ್ಸ್ ಎದುರು. ಸಮಬಲ ಮುರಿಯಲು ನಡೆದ ಪಂದ್ಯದಲ್ಲಿ ಮಾತ್ರ ಬ್ರೌನ್ಸ್ 8-3ರಿಂದ ಗೆದ್ದು ಮುಂದೆ ಪ್ರಶಸ್ತಿಯನ್ನೂ ಪಡೆಯಿತು. ಆದರೂ ಆ ಕೊಡೆ ಮರೆಯಾಗಲಿಲ್ಲ. ಹಿಂದೆ ನಾಲ್ವರು ಕಾವಲುಗಾರರನ್ನು ನಿಲ್ಲಿಸುವ ಆ ಕ್ರಮ ಮುಂದೆ ಎಲ್ಲ ತಂಡಗಳ ಪಾಲಿಗೂ ಸಾಮಾನ್ಯ ಪಾಠವಾಯಿತು. ಟನೆಲ್‌ನ ಪಕ್ಕದಲ್ಲಿ ನಿಂತಿದ್ದ ಲ್ಯಾಂಡ್ರಿ ಮುಂದೆ ಡಲ್ಲಾಸ್ ಕೌಬಾಯ್ಸ್ ತಂಡದ ಹೆಸರಾಂತ ತರಬೇತುದಾರರಾದರು.

ತಡೆಯುವವನ ಓಟ

ಟನೆಲ್ ಬರೀ ಎಸೆತ ಕಸಿಯುವವನಾಗಿರಲಿಲ್ಲ. ಎದುರಾಳಿ ತಂಡ ದೂರಕ್ಕೆ ಒದ್ದ ಚೆಂಡನ್ನು ಹಿಡಿದು ವಾಪಸು ಓಡುವುದರಲ್ಲೂ ನಿಪುಣ. ಎದುರಿನಿಂದ ಹನ್ನೊಂದು ಮಂದಿ ಪೂರ್ಣ ವೇಗದಲ್ಲಿ ನುಗ್ಗಿ ಬರುತ್ತಿರುವಾಗ ಕತ್ತೆತ್ತಿ ಆಕಾಶದಲ್ಲಿರುವ ಚೆಂಡನ್ನು ನೋಡುತ್ತ ನಿಲ್ಲುವುದು ಎದೆಗಾರಿಕೆಯ ಕೆಲಸ. ಒಮ್ಮೆ ಕತ್ತು ಮುರಿದುಕೊಂಡಿದ್ದವನು ವರ್ಷಗಟ್ಟಲೆ ಆ ಕೆಲಸ ಮಾಡಿದ!

1952ರ ಲೆಕ್ಕ ನೋಡಿ. ಆ ಋತುವಿನಲ್ಲಿ ಎನ್‌ಎಫ್‌ಎಲ್‌ನ ಅಗ್ರ ಓಟಗಾರನೆನಿಸಿದ ಡ್ಯಾನ್ ಟೌಲರ್ ಗಳಿಸಿದ್ದು 894 ಗಜ. ಅದೇ ಋತುವಿನಲ್ಲಿ ಟನೆಲ್ ಕಸಿದ ಎಸೆತಗಳಿಂದಲೂ ಒದ್ದ ಚೆಂಡುಗಳಿಂದಲೂ ಒಟ್ಟು 920 ಗಜಗಳಿಗಿಂತ ಹೆಚ್ಚು ಓಡಿದ್ದ. ಓಡುವುದೇ ಕಸುಬಾದ ದಾಳಿಗಾರನಿಗಿಂತ ತಡೆಯಬೇಕಾದ ರಕ್ಷಕನೇ ಮುಂದೆ! ರಕ್ಷಣೆಯಲ್ಲೇ ದಾಳಿ ಅಡಗಿದೆ ಎಂಬ ಮಾತು ಟನೆಲ್‌ನ ಹೆಸರಿಗೆ ಅಂಟಿಕೊಂಡದ್ದು ಈ ಕಾರಣಕ್ಕೆ.

ಮೈಬಲಕ್ಕಿಂತ ಊಹೆ ಆತನ ಆಸ್ತಿಯಾಗಿತ್ತು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳ ಅಭ್ಯಾಸಗಳನ್ನು ಅಧ್ಯಯನ ಮಾಡಿ, ಚೆಂಡು ಬೀಳುವ ಜಾಗಕ್ಕೆ ಮೊದಲೇ ತಲುಪುತ್ತಿದ್ದ. ಜೈಂಟ್ಸ್ ಪರ ಹನ್ನೊಂದು ಋತುಗಳಲ್ಲಿ 74 ಎಸೆತಗಳನ್ನು ಕಸಿದದ್ದು ಇಂದಿಗೂ ಆ ತಂಡದ ದಾಖಲೆ. 1956ರಲ್ಲಿ ಜೈಂಟ್ಸ್ ತಂಡವು ಯಾಂಕಿ ಕ್ರೀಡಾಂಗಣದ ಹೆಪ್ಪುಗಟ್ಟಿದ ನೆಲದ ಮೇಲೆ ಶಿಕಾಗೊ ಬೇರ್ಸ್ ತಂಡವನ್ನು 47-7ರಿಂದ ಮಣಿಸಿ ಚಾಂಪಿಯನ್ ಆಯಿತು. ಎರಡು ವರ್ಷಗಳ ನಂತರ ಅದೇ ಮೈದಾನದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ ಹೆಚ್ಚುವರಿ ಅವಧಿಗೆ ಹೋದ ಅಂತಿಮ ಪಂದ್ಯವನ್ನು 17-23ರಿಂದ ಕಳೆದುಕೊಂಡಿತು. ಅದು ಜೈಂಟ್ಸ್ ಆಟಗಾರನಾಗಿ ಟನೆಲ್‌ನ ಕೊನೆಯ ಋತುವಾಗಿತ್ತು.

ಗ್ರೀನ್ ಬೇಯ ಹಿರಿಯಣ್ಣ

ಜೈಂಟ್ಸ್‌ನಲ್ಲಿ ಸಹಾಯಕ ತರಬೇತುದಾರರಾಗಿದ್ದ ವಿನ್ಸ್ ಲೊಂಬಾರ್ಡಿ 1959ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದ ಹೊಣೆ ಹೊತ್ತರು. ಹಿಂದಿನ ವರ್ಷ ಪ್ಯಾಕರ್ಸ್ ಗೆದ್ದದ್ದು ಒಂದೇ ಪಂದ್ಯ. ಸೋಲೇ ರೂಢಿಯಾಗಿದ್ದ ಆಟಗಾರರಿಗೆ ಗೆಲುವಿನ ಶಿಸ್ತು ಕಲಿಸಬೇಕಿತ್ತು. ಅದಕ್ಕಾಗಿ ಲೊಂಬಾರ್ಡಿ ನ್ಯೂಯಾರ್ಕಿನಿಂದ ಕರೆಸಿಕೊಂಡವರಲ್ಲಿ ಟನೆಲ್ ಒಬ್ಬ. ಆಟದ ಉತ್ತುಂಗ ಆಗಲೇ ದಾಟಿತ್ತು. ಆದರೆ ಲೊಂಬಾರ್ಡಿ ಅವರಿಗೆ ಬೇಕಾಗಿದ್ದದ್ದು ಆತನ ಕಾಲುಗಳಷ್ಟೇ ಅಲ್ಲ. ಅನುಭವ ಮತ್ತು ನಡತೆ.

ಗ್ರೀನ್ ಬೇ ವಿಸ್ಕಾನ್ಸಿನ್ ರಾಜ್ಯದ ಸಣ್ಣ ನಗರ. ಆಗ ಅಲ್ಲಿ ಕಪ್ಪು ವರ್ಣೀಯರು ಬೆರಳೆಣಿಕೆಯಷ್ಟು. ಬಾಡಿಗೆ ಮನೆ ಸಿಗುವುದೂ ಕಷ್ಟ. ಅಂತಹ ಊರಿಗೆ ಬಂದಿಳಿಯುವ ಎಳೆಯ ಕಪ್ಪು ವರ್ಣೀಯ ಆಟಗಾರರಿಗೆ ಟನೆಲ್ ಹಿರಿಯಣ್ಣನಾದ. ಎಲ್ಲಿ ಉಣ್ಣಬೇಕು, ಯಾರೊಡನೆ ಹೇಗೆ ವ್ಯವಹರಿಸಬೇಕು, ತರಬೇತುದಾರರ ಸಿಡುಕನ್ನು ಹೇಗೆ ಸಹಿಸಬೇಕು ಎಂಬುದನ್ನೆಲ್ಲ ಹೇಳಿಕೊಟ್ಟ.

1960ರಲ್ಲಿ ವಿಲ್ಲಿ ವುಡ್ ಎಂಬ ತರುಣ ಪ್ಯಾಕರ್ಸ್ ಸೇರಿದ. ಟನೆಲ್‌ನಂತೆಯೇ ಆತನನ್ನೂ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ. ತಂಡಗಳಿಗೆ ತಾನೇ ಪತ್ರ ಬರೆದು ಅವಕಾಶ ಗಿಟ್ಟಿಸಿಕೊಂಡಿದ್ದ. ಸೇಫ್ಟಿ ಸ್ಥಾನದ ಸೂಕ್ಷ್ಮಗಳನ್ನು ವುಡ್ ಕಲಿತದ್ದು ಟನೆಲ್‌ನಿಂದ. ತನ್ನ ಜಾಗವನ್ನೇ ತುಂಬಲಿರುವ ಹುಡುಗನಿಗೆ ವಿದ್ಯೆ ಧಾರೆಯೆರೆಯುವುದು ಎಲ್ಲರಿಂದಾಗುವ ಕೆಲಸವಲ್ಲ. ವುಡ್ ಮುಂದೆ ಪ್ಯಾಕರ್ಸ್ ಸುವರ್ಣಯುಗದ ಆಧಾರಸ್ತಂಭಗಳಲ್ಲಿ ಒಬ್ಬನಾಗಿ, 1989ರಲ್ಲಿ ಕ್ಯಾಂಟನ್ ಕೀರ್ತಿಭವನ ಸೇರಿದ.

1961ರ ಅಂತಿಮ ಪಂದ್ಯದಲ್ಲಿ ಪ್ಯಾಕರ್ಸ್ ಎದುರು ಬಂದದ್ದು ಜೈಂಟ್ಸ್ ತಂಡವೇ. 37-0ರಿಂದ ಪ್ಯಾಕರ್ಸ್ ಗೆದ್ದಿತು. ಒಂದು ಕಾಲದಲ್ಲಿ ತನಗೆ ಬಾಗಿಲು ತೆರೆದ ತಂಡವನ್ನು ಸೋಲಿಸಿದ ಚಾಂಪಿಯನ್ನರ ಜೊತೆಯಲ್ಲಿ ಟನೆಲ್ ಆಟಕ್ಕೆ ವಿದಾಯ ಹೇಳಿದ.

ಉಳಿಸಿಹೋದದ್ದು

ಹದಿನಾಲ್ಕು ಋತುಗಳು, 79 ಇಂಟರ್‌ಸೆಪ್ಷನ್‌ಗಳು, ಅವುಗಳಿಂದ 1,282 ಗಜ. ಎದುರಾಳಿಗಳು ಒದ್ದ 258 ಪಂಟ್‌ಗಳನ್ನು ಹಿಡಿದು ಓಡಿದ್ದು 2,209 ಗಜ. ನಿವೃತ್ತಿಯ ವೇಳೆ ಇವೆಲ್ಲ ಎನ್‌ಎಫ್‌ಎಲ್ ದಾಖಲೆಗಳು. ಒಂಬತ್ತು ಬಾರಿ ತಾರೆಯರ ಪಂದ್ಯವಾದ ‘ಪ್ರೋ ಬೌಲ್’ಗೆ ಆಯ್ಕೆಯಾದ ಹಿರಿಮೆಯೂ ಇದೆ. 79ರ ದಾಖಲೆ ಮುರಿಯಲು 1979ರವರೆಗೆ ಕಾಯಬೇಕಾಯಿತು. ಪಾಲ್ ಕ್ರಾಸ್ ಆ ಸಂಖ್ಯೆಯನ್ನು 81ಕ್ಕೆ ಒಯ್ದರು. ಇಂದಿಗೂ ಎರಡನೇ ಸ್ಥಾನ ಟನೆಲ್‌ನದೇ.

ಆಟ ಬಿಟ್ಟ ಮೇಲೆ ಟನೆಲ್ ಜೈಂಟ್ಸ್‌ಗೆ ಮರಳಿ ಪ್ರತಿಭಾನ್ವೇಷಕನಾದ. ತಾನು ಬಾಗಿಲು ಬಡಿದು ಒಳಗೆ ಬರಬೇಕಾಗಿತ್ತು. ಈಗ ಬೇರೆಯವರನ್ನು ಹುಡುಕಿ ಕರೆತರುವ ಕೆಲಸ ತನ್ನದೇ ಆಯಿತು. 1965ರಲ್ಲಿ ಜೈಂಟ್ಸ್‌ನ ಸಹಾಯಕ ತರಬೇತುದಾರನಾದ. ಎನ್‌ಎಫ್‌ಎಲ್‌ನಲ್ಲಿ ಅಂತಹ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯರಲ್ಲಿ ಆತ ಒಬ್ಬ. ಮುಖ್ಯ ತರಬೇತುದಾರನ ಪಟ್ಟ ಮಾತ್ರ ಆತನಿಗೆ ಒದಗಲಿಲ್ಲ. ಆಧುನಿಕ ಎನ್‌ಎಫ್‌ಎಲ್‌ನಲ್ಲಿ ಕಪ್ಪು ವರ್ಣೀಯರೊಬ್ಬರು ಆ ಪಟ್ಟಕ್ಕೇರಲು 1989ರಲ್ಲಿ ಆರ್ಟ್ ಶೆಲ್ ಬರಬೇಕಾಯಿತು.

1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಲೆಸೆಂಟ್‌ವಿಲ್‌ನಲ್ಲಿ ಜೈಂಟ್ಸ್ ತಂಡದ ತರಬೇತಿ ಶಿಬಿರ ನಡೆಯುತ್ತಿತ್ತು. ಅಲ್ಲಿಯೇ ಹೃದಯಾಘಾತದಿಂದ ಟನೆಲ್ ಕೊನೆಯುಸಿರೆಳೆದ. ವಯಸ್ಸು ಐವತ್ತರ ಆಸುಪಾಸು. ಬದುಕಿನ ಕೊನೆಯ ದಿನವೂ ಆತ ಇದ್ದದ್ದು ತನ್ನ ತಂಡದ ನಡುವೆ.

ಸಾವಿನ ನಂತರವೂ ಗೌರವಗಳು ಒಂದೊಂದಾಗಿ ಬಂದವು. 2019ರಲ್ಲಿ ಎನ್‌ಎಫ್‌ಎಲ್ ತನ್ನ ನೂರನೇ ವರ್ಷದ ಅಂಗವಾಗಿ ಪ್ರಕಟಿಸಿದ ಸಾರ್ವಕಾಲಿಕ ತಂಡದಲ್ಲಿ ಟನೆಲ್‌ಗೆ ಸ್ಥಾನ ದೊರೆಯಿತು. ಬೆಳೆದ ರಾಡ್ನರ್‌ನಲ್ಲಿ ಪ್ರತಿಮೆ ನಿಂತಿದೆ. 2021ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯು ಹೊಸ ಗಸ್ತು ಹಡಗೊಂದಕ್ಕೆ ‘ಎಮ್ಲೆನ್ ಟನೆಲ್’ ಎಂದು ಹೆಸರಿಟ್ಟು ಸೇವೆಗಿಳಿಸಿತು.

ಚರ್ಮದ ಬಣ್ಣ ನೋಡಿ ಊಟ ಬಡಿಸುವ ಕೆಲಸಕ್ಕೆ ಹಚ್ಚಿದ್ದ ಪಡೆಯೇ ಇಂದು ತನ್ನ ಹಡಗಿನ ಮೇಲೆ ಆತನ ಹೆಸರನ್ನು ಹೊತ್ತು ಸಾಗುತ್ತಿದೆ. ಆರಿಸಿಕೊಳ್ಳದೆ ಬಿಟ್ಟಿದ್ದ ಆಟವೇ ಆತನನ್ನು ತನ್ನ ಶ್ರೇಷ್ಠರ ಸಾಲಿನಲ್ಲಿ ಕೂರಿಸಿದೆ. ಈ ಗೌರವಗಳಲ್ಲಿ ಹಲವು ತಡವಾಗಿ ಬಂದವು, ಕೆಲವು ಆತ ಕಾಣಲಾರದಷ್ಟು ತಡವಾಗಿ ಬಂದವು. ಆದರೆ ಹಡಗಿನಲ್ಲಾಗಲಿ ಮೈದಾನದಲ್ಲಾಗಲಿ ಟನೆಲ್ ಅವುಗಳಿಗಾಗಿ ಕಾದು ಕುಳಿತಿರಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತು, ಬರುವ ಅಪಾಯವನ್ನು ಎಲ್ಲರಿಗಿಂತ ಮೊದಲು ಗುರುತಿಸಿ ಮುನ್ನುಗ್ಗುವುದೇ ಆತ ಬಲ್ಲ ಕೆಲಸವಾಗಿತ್ತು.